ಪಡ್ರೆಯ ಎಂಡೋಸಲ್ಫಾನ್ ಆರೋಗ್ಯ ಅಧ್ಯಯನಗಳು

ಪಡ್ರೆಯು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಗ್ರಾಮ ಪಂಚಾಯತಿಗೆ ಸೇರಿದ, ಕನ್ನಡ ಮತ್ತು ತುಳು ಭಾಷಿಕರು ಹೆಚ್ಚಾಗಿರುವ ಗಡಿ ಗ್ರಾಮ. ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕಕ್ಕೂ ಸುತ್ತಲಿನ ಜನರ ಅನಾರೋಗ್ಯಕ್ಕೂ ಇರುವ ಸಂಬಂಧವನ್ನು ಕುರಿತು ಹಲವು ಅಧ್ಯಯನಗಳು ನಡೆದಿವೆ. ಊರಿನ ವೈದ್ಯರು, ಕೃಷಿಕರು ಮತ್ತು ಪತ್ರಕರ್ತರು ಆರಂಭಿಸಿದ ದಾಖಲೀಕರಣವೇ ಮುಂದೆ ರಾಷ್ಟ್ರೀಯ ಸಂಸ್ಥೆಗಳ ಸಂಶೋಧನೆಗೆ ದಾರಿಯಾಯಿತು. ಈ ಕಾರಣದಿಂದ ಪಡ್ರೆಯು ವಿಪತ್ತಿಗೊಳಗಾದ ಸೌಲಭ್ಯವಂಚಿತ ಪ್ರದೇಶದಲ್ಲಿ ನಡೆದ ಸಮುದಾಯ ಆಧಾರಿತ ಆರೋಗ್ಯ ಸಂಶೋಧನೆಗೆ ಒಂದು ಪ್ರಮುಖ ಉದಾಹರಣೆಯಾಗಿದೆ.

ಹಿನ್ನೆಲೆ

ಕೇರಳ ತೋಟಗಾರಿಕಾ ನಿಗಮವು (ಪ್ಲಾಂಟೇಷನ್ ಕಾರ್ಪೊರೇಷನ್) ಕಾಸರಗೋಡು ಜಿಲ್ಲೆಯ ಗುಡ್ಡಗಳಲ್ಲಿ ವಿಸ್ತಾರವಾದ ಗೇರು ತೋಟಗಳನ್ನು ಹೊಂದಿದೆ. ಗೇರಿನ ಚಿಗುರು ಮತ್ತು ಹೂವಿನ ರಸ ಹೀರುವ ಟೀ ಸೊಳ್ಳೆಯ ಹತೋಟಿಗಾಗಿ 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ ಈ ತೋಟಗಳಿಗೆ ವೈಮಾನಿಕವಾಗಿ ಎಂಡೋಸಲ್ಫಾನ್ ಸಿಂಪಡಿಸಲಾಯಿತು.

ಪಡ್ರೆಯ ಭೂರಚನೆ ಈ ಸಿಂಪಡಣೆಯ ಅಪಾಯವನ್ನು ಹೆಚ್ಚಿಸುವಂತಹದು. ಗೇರು ತೋಟಗಳು ಮುರಕಲ್ಲಿನ ಗುಡ್ಡಗಳ ಮೇಲಿವೆ. ಮನೆಗಳು ಮತ್ತು ಅಡಿಕೆ ತೋಟಗಳು ಕೆಳಗಿನ ಕಣಿವೆಯಲ್ಲಿವೆ. ಗುಡ್ಡದ ಮೇಲೆ ಬಿದ್ದ ಮಳೆನೀರು ತೋಡುಗಳಲ್ಲಿ ಹರಿದು ಕಣಿವೆಗೆ ಇಳಿಯುತ್ತದೆ. ಜನರು ಕುಡಿಯಲು ಬಾವಿಗಳನ್ನಲ್ಲದೆ ತೋಡುಗಳ ನೀರನ್ನೂ, ಗುಡ್ಡವನ್ನು ಅಡ್ಡವಾಗಿ ಕೊರೆದು ನಿರ್ಮಿಸಿದ ಸುರಂಗಗಳ ನೀರನ್ನೂ ಅವಲಂಬಿಸಿದ್ದರು.

ಸ್ಥಳೀಯ ದಾಖಲೀಕರಣ

ಮೊದಲ ಸೂಚನೆ ಕಂಡುಬಂದದ್ದು ಜಾನುವಾರುಗಳಲ್ಲಿ. 1979ರ ಹೊತ್ತಿಗೆ ಕೃಷಿಕರು ಅಂಗವೈಕಲ್ಯವಿರುವ ಕರುಗಳು ಹುಟ್ಟುತ್ತಿರುವುದನ್ನು ಗಮನಿಸಿದರು. ಇದೇ ಊರಿನವರಾದ ಕೃಷಿ ಪತ್ರಕರ್ತ ಶ್ರೀಪಡ್ರೆಯವರು 1981ರಲ್ಲಿ ಈ ವಿಷಯವನ್ನು ಇಂಗ್ಲಿಷ್ ನಿಯತಕಾಲಿಕೆಯೊಂದರಲ್ಲಿ ಬರೆದರು.

1980ರ ದಶಕದಿಂದ ಇಲ್ಲಿ ವೃತ್ತಿನಿರತರಾಗಿರುವ ಡಾ. ವೈ. ಎಸ್. ಮೋಹನ ಕುಮಾರ್ ಅವರು ತಮ್ಮ ಬಳಿಗೆ ಬರುವ ರೋಗಿಗಳಲ್ಲಿ ಮಾನಸಿಕ ಅಸ್ವಸ್ಥತೆ, ಬುದ್ಧಿಮಾಂದ್ಯ, ಅಪಸ್ಮಾರ, ಜನ್ಮಜಾತ ವೈಕಲ್ಯ ಮತ್ತು ಕ್ಯಾನ್ಸರ್ ಪ್ರಕರಣಗಳು ಅಸಹಜವೆನಿಸುವಷ್ಟು ಕಾಣುತ್ತಿರುವುದನ್ನು ಗುರುತಿಸಿದರು. ಆರಂಭದಲ್ಲಿ ಕಾರಣ ಅವರಿಗೆ ಸ್ಪಷ್ಟವಿರಲಿಲ್ಲ. 1997ರಲ್ಲಿ ಕೇರಳದ ವೈದ್ಯಕೀಯ ಪತ್ರಿಕೆಯೊಂದಕ್ಕೆ ಪತ್ರ ಬರೆದು, ಕಾರಣವನ್ನು ಕಂಡುಹಿಡಿಯಲು ತಜ್ಞರ ನೆರವನ್ನು ಕೋರಿದರು.

ಈ ಬಗೆಯ ಹಾನಿಯನ್ನು ಆಸ್ಪತ್ರೆಯ ದಾಖಲೆಗಳಿಂದ ಗುರುತಿಸುವುದು ಕಷ್ಟ. ನೆರೆ ಅಥವಾ ಭೂಕಂಪಕ್ಕೆ ಒಂದು ದಿನಾಂಕವಿರುತ್ತದೆ; ನಿಧಾನಗತಿಯ ವಿಷಪ್ರಸರಣಕ್ಕೆ ಅಂತಹ ದಿನಾಂಕವಿಲ್ಲ. ಒಂದೇ ಕಣಿವೆಯ ರೋಗಿಗಳು ಚಿಕಿತ್ಸೆಗಾಗಿ ಬೇರೆ ಬೇರೆ ಪಟ್ಟಣಗಳಿಗೆ ಹೋದಾಗ ಪ್ರತಿಯೊಂದು ಕಾಯಿಲೆಯೂ ಬಿಡಿ ಪ್ರಕರಣವಾಗಿಯೇ ದಾಖಲಾಗುತ್ತದೆ. ಅವೆಲ್ಲವನ್ನೂ ಒಟ್ಟಾಗಿ ಕಾಣುವ ಅವಕಾಶವಿರುವುದು ಆ ಮನೆಗಳನ್ನು ಬಲ್ಲ ಸ್ಥಳೀಯರಿಗೆ ಮಾತ್ರ.

ಶೇಷಾಂಶ ಪರೀಕ್ಷೆಗಳು

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು (ಸಿಎಸ್ಇ) ಪಡ್ರೆಯಿಂದ ಸಂಗ್ರಹಿಸಿದ ನೀರು, ಮಣ್ಣು, ತರಕಾರಿ, ಹಾಲು ಮತ್ತು ಮನುಷ್ಯರ ರಕ್ತದ ಮಾದರಿಗಳನ್ನು ಪರೀಕ್ಷಿಸಿ, ಹೆಚ್ಚಿನ ಪ್ರಮಾಣದಲ್ಲಿ ಎಂಡೋಸಲ್ಫಾನ್ ಶೇಷಾಂಶವಿದೆ ಎಂದು ವರದಿ ಮಾಡಿತು. ತೋಟಗಾರಿಕಾ ನಿಗಮದ ಪರವಾಗಿ ತಮಿಳುನಾಡಿನ ಸಂಸ್ಥೆಯೊಂದು ನಡೆಸಿದ ಪರೀಕ್ಷೆಯು ಇದಕ್ಕೆ ವಿರುದ್ಧವಾದ ತೀರ್ಮಾನವನ್ನು ನೀಡಿತು.

ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ವಿಷಯವನ್ನು ಕೈಗೆತ್ತಿಕೊಂಡ ಬಳಿಕ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು 2001ರಲ್ಲಿ ಪಡ್ರೆಯಲ್ಲಿ ಅಧ್ಯಯನ ನಡೆಸಿತು. ವೈಮಾನಿಕ ಸಿಂಪಡಣೆ ನಡೆಯದ ಮೀಂಜ ಪಂಚಾಯತಿಯ ಮಕ್ಕಳನ್ನು ಹೋಲಿಕೆಗಾಗಿ ಆರಿಸಿಕೊಳ್ಳಲಾಯಿತು. ಎರಡೂ ಕಡೆಯ ಜನಜೀವನ ಹೆಚ್ಚು ಭಿನ್ನವಾಗಿರದಿದ್ದರೆ, ಆರೋಗ್ಯದಲ್ಲಿ ಕಾಣುವ ವ್ಯತ್ಯಾಸಕ್ಕೆ ಸಿಂಪಡಣೆಯೇ ಕಾರಣವಿರಬಹುದೆಂದು ಊಹಿಸಲು ಇಂತಹ ಹೋಲಿಕೆ ಆಧಾರ ಒದಗಿಸುತ್ತದೆ.

ಗಂಡುಮಕ್ಕಳ ಕುರಿತ ಫಲಿತಾಂಶಗಳು 2003ರಲ್ಲಿ ಅಂತರರಾಷ್ಟ್ರೀಯ ಸಂಶೋಧನಾ ಪತ್ರಿಕೆಯೊಂದರಲ್ಲಿ ಪ್ರಕಟವಾದವು. ಪಡ್ರೆಯ 117 ಮತ್ತು ಹೋಲಿಕೆ ಗುಂಪಿನ 90 ಶಾಲಾ ಬಾಲಕರನ್ನು ಇದರಲ್ಲಿ ಪರೀಕ್ಷಿಸಲಾಗಿತ್ತು.

- ಪಡ್ರೆಯ ಬಾಲಕರಲ್ಲಿ ಶೇ. 78ರಷ್ಟು ಮಂದಿಯ ರಕ್ತಸಾರದಲ್ಲಿ ಎಂಡೋಸಲ್ಫಾನ್ ಪತ್ತೆಯಾಯಿತು. ಹೋಲಿಕೆ ಗುಂಪಿನಲ್ಲಿ ಈ ಪ್ರಮಾಣ ಶೇ. 29.
- ರಕ್ತಸಾರದಲ್ಲಿ ಅದರ ಸರಾಸರಿ ಪ್ರಮಾಣ ಪಡ್ರೆಯಲ್ಲಿ ಶತಕೋಟಿಗೆ 7.47 ಭಾಗ, ಹೋಲಿಕೆ ಗುಂಪಿನಲ್ಲಿ 1.37 ಭಾಗ.
- ಪಡ್ರೆಯ ಬಾಲಕರಲ್ಲಿ ಲೈಂಗಿಕ ಪ್ರೌಢತೆ ವಿಳಂಬವಾಗಿರುವ ಮತ್ತು ಹಾರ್ಮೋನುಗಳ ಪ್ರಮಾಣದಲ್ಲಿ ವ್ಯತ್ಯಾಸವಿರುವ ಸೂಚನೆಗಳು ಕಂಡುಬಂದವು.

ಸಿಂಪಡಣೆ ನಿಂತು ತಿಂಗಳುಗಳೇ ಕಳೆದ ಮೇಲೆ ರಕ್ತದ ಮಾದರಿಗಳನ್ನು ಸಂಗ್ರಹಿಸಲಾಗಿತ್ತು ಎಂಬುದು ಇಲ್ಲಿ ಗಮನಾರ್ಹ.

ಭಿನ್ನಾಭಿಪ್ರಾಯಗಳು

ಕೇಂದ್ರ ಸರ್ಕಾರವು ನೇಮಿಸಿದ ಡಾ. ಒ. ಪಿ. ದುಬೆ ಸಮಿತಿಯು ಕಾಯಿಲೆಗಳಿಗೂ ಎಂಡೋಸಲ್ಫಾನ್‌ಗೂ ಸಂಬಂಧ ಸಿದ್ಧವಾಗಿಲ್ಲವೆಂದು ಹೇಳಿತು. ಕೀಟನಾಶಕ ಉದ್ಯಮವೂ ಕೆಲವು ಕೃಷಿ ವಿಜ್ಞಾನಿಗಳೂ ಮೇಲಿನ ಅಧ್ಯಯನಗಳ ವಿಧಾನವನ್ನು ಪ್ರಶ್ನಿಸಿದರು.

ಸಂಶೋಧನೆಯ ಕೆಲವು ಮಿತಿಗಳು ವಾಸ್ತವವಾದವು. ಸಿಂಪಡಣೆ ಆರಂಭವಾಗುವುದಕ್ಕೆ ಮುಂಚಿನ ಆರೋಗ್ಯ ಸಮೀಕ್ಷೆ ಲಭ್ಯವಿಲ್ಲ. ಒಂದು ಗ್ರಾಮದ ಜನಸಂಖ್ಯೆ ಚಿಕ್ಕದಾದುದರಿಂದ ಅಪರೂಪದ ಕಾಯಿಲೆಗಳ ಏರಿಳಿತವನ್ನು ಅಳೆಯುವುದು ಸುಲಭವಲ್ಲ. ಆದರೆ ಪೂರ್ವ ದಾಖಲೆಯ ಅಭಾವವು ಸೌಲಭ್ಯವಂಚಿತ ಪ್ರದೇಶಗಳ ಸಾಮಾನ್ಯ ಸ್ಥಿತಿ. ಪೂರ್ಣ ಸಾಕ್ಷ್ಯ ದೊರೆಯುವವರೆಗೆ ಕ್ರಮ ಕೈಗೊಳ್ಳಬಾರದೆಂದರೆ ಆ ಅಭಾವದ ಹೊರೆ ಬಾಧಿತರ ಮೇಲೆಯೇ ಬೀಳುತ್ತದೆ ಎಂಬುದು ಮುನ್ನೆಚ್ಚರಿಕೆಯ ತತ್ತ್ವವನ್ನು ಪ್ರತಿಪಾದಿಸುವವರ ವಾದ.

ಕಾನೂನು ಕ್ರಮಗಳು ಮತ್ತು ಪರಿಹಾರ

ಪೆರಿಯದ ಕೃಷಿ ಇಲಾಖಾ ಉದ್ಯೋಗಿ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಲ್ಲಿ ಹೂಡಿದ ಮೊಕದ್ದಮೆಯಿಂದ ವೈಮಾನಿಕ ಸಿಂಪಡಣೆಗೆ ತಡೆಯಾಜ್ಞೆ ದೊರೆಯಿತು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧಿತ ರಾಸಾಯನಿಕಗಳ ಪಟ್ಟಿಗೆ ಸೇರಿಸಲು ಒಪ್ಪಿದವು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ಕೇರಳ ಸರ್ಕಾರಕ್ಕೆ ಆದೇಶಿಸಿತು. ಪರಿಹಾರ ಪಡೆಯಲು ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿರುವುದು ಅಗತ್ಯವಾದುದರಿಂದ, ಯಾರನ್ನು ಸಂತ್ರಸ್ತರೆಂದು ಗುರುತಿಸಬೇಕೆಂಬುದೇ ಮುಂದೆ ವಿವಾದದ ವಿಷಯವಾಯಿತು.

ಕರ್ನಾಟಕದಲ್ಲಿ

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ ಮತ್ತು ನಿಡ್ಲೆ ಸುತ್ತಲೂ ಗೇರು ತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಲಾಗಿತ್ತು. ಸ್ಥಳೀಯ ಹೋರಾಟದ ಫಲವಾಗಿ ಬಾಧಿತರಿಗೆ ಮಾಸಾಶನ ಹಾಗೂ ಕೊಕ್ಕಡದಲ್ಲಿ ಪಾಲನಾ ಕೇಂದ್ರ ದೊರೆತವು.

ನಿಧಾನಗತಿಯ ವಿಪತ್ತು ಕೀಟನಾಶಕಕ್ಕೆ ಸೀಮಿತವಲ್ಲ. ತುಮಕೂರು ಜಿಲ್ಲೆಯ ಬರಪೀಡಿತ ಪಾವಗಡ, ಶಿರಾ ಮತ್ತು ಮಧುಗಿರಿ ತಾಲ್ಲೂಕುಗಳಲ್ಲಿ ಕೊಳವೆಬಾವಿಗಳ ನೀರಿನಲ್ಲಿರುವ ಅಧಿಕ ಫ್ಲೋರೈಡ್ ಇಂತಹುದೇ ಸಮಸ್ಯೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಜಲಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂ ವರೆಗೆ ಅನುಮತಿಯಿದೆ. ಈ ಮಿತಿಯನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲುಗಳಲ್ಲಿ ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದಲ್ಲಿ ಮೂಳೆ ಮತ್ತು ಕೀಲುಗಳು ಬಿಗಿದು ಬಾಗುತ್ತವೆ. ಯಾವ ಮನೆ ಯಾವ ಕೊಳವೆಬಾವಿಯ ನೀರನ್ನು ಎಷ್ಟು ವರ್ಷ ಕುಡಿದಿದೆ ಎಂಬ ಮಾಹಿತಿ ಇಲ್ಲಿಯೂ ಊರಿನವರಲ್ಲಿಯೇ ಇರುತ್ತದೆ. ಅದನ್ನು ದಾಖಲಿಸಿ, ನೀರಿನ ಪರೀಕ್ಷೆ ಮತ್ತು ಹೋಲಿಕೆ ಗ್ರಾಮದ ಸಮೀಕ್ಷೆಯೊಂದಿಗೆ ಜೋಡಿಸುವ ವಿಧಾನವನ್ನು ಇಂತಹ ಪ್ರದೇಶಗಳಿಗೂ ಅನ್ವಯಿಸಬಹುದು.