ಟೇಪಿಗೆ ದಕ್ಕದ ಎದೆ

1968ರಲ್ಲಿ ಅಮೆರಿಕದ ಮಯಾಮಿಯಲ್ಲಿ ನಡೆದ ಮಿಸ್ಟರ್ ಯೂನಿವರ್ಸ್ ದೇಹದಾರ್ಢ್ಯ ಸ್ಪರ್ಧೆಗೆ ಆಸ್ಟ್ರಿಯಾದ ಇಪ್ಪತ್ತೊಂದರ ತರುಣನೊಬ್ಬ ಬಂದಿಳಿದಿದ್ದ. ಮೈತೂಕ ಸುಮಾರು 113 ಕಿಲೊ. ಲಂಡನ್ನಿನಲ್ಲಿ ಇದೇ ಹೆಸರಿನ ಇನ್ನೊಂದು ಪಟ್ಟವನ್ನು ಆಗಷ್ಟೇ ಗೆದ್ದ ಗತ್ತು ಬೇರೆ. ಆ ಕಾಲಕ್ಕೆ ಸಂಸ್ಥೆಗೊಬ್ಬರಂತೆ ಒಂದಕ್ಕಿಂತ ಹೆಚ್ಚು ಮಿಸ್ಟರ್ ಯೂನಿವರ್ಸ್‌ಗಳಿರುತ್ತಿದ್ದರು, ಅದಿರಲಿ. ಮಯಾಮಿಯ ವೇದಿಕೆಯಲ್ಲಿ ಅವನಿಗೆ ಎದುರಾದದ್ದು ಫ್ರ್ಯಾಂಕ್ ಝೇನ್ ಎಂಬ ಗಣಿತದ ಮೇಷ್ಟ್ರು. ತೂಕದಲ್ಲಿ ಹೆಚ್ಚುಕಡಿಮೆ ಮೂವತ್ತು ಕಿಲೊ ಹಗುರ. ತೀರ್ಪುಗಾರರು ಪಟ್ಟವನ್ನು ಮೇಷ್ಟ್ರಿಗೆ ಕೊಟ್ಟರು.

ಸೋತ ತರುಣನ ಹೆಸರು ಆರ್ನಾಲ್ಡ್ ಶ್ವಾರ್ಜ್‌ನೆಗರ್.

ಆರ್ನಾಲ್ಡ್‌ಗೆ ಎದೆಯಲ್ಲಿ ಮಾಂಸದ ಕೊರತೆಯೇನೂ ಇರಲಿಲ್ಲ. ಚರ್ಮದಡಿಯ ಕೊಬ್ಬು ಆ ಮಾಂಸದ ಗೆರೆಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ಏಳು ವರ್ಷಗಳ ನಂತರ, 1975ರಲ್ಲಿ, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಅವರು ಸತತ ಆರನೇ ಬಾರಿ ಮಿಸ್ಟರ್ ಒಲಿಂಪಿಯಾ ಗೆದ್ದಾಗ ತೂಕ ಮಯಾಮಿಗಿಂತ ಕಡಿಮೆಯಿತ್ತು. ನೋಡುವವರ ಕಣ್ಣಿಗೆ ಮಾತ್ರ ಎದೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಆ ಸ್ಪರ್ಧೆಯನ್ನು ಚಿತ್ರೀಕರಿಸಿದ ‘ಪಂಪಿಂಗ್ ಐರನ್’ 1977ರಲ್ಲಿ ತೆರೆಕಂಡ ಮೇಲಂತೂ ಊರೂರಿನ ಜಿಮ್‌ಗಳ ಗೋಡೆಗೆ ಆ ಎದೆಯೇ ಪೋಸ್ಟರ್ ಆಯಿತು.

ಮನುಷ್ಯ ಅವನೇ, ಮೂಳೆಯೂ ಅದೇ. ಬದಲಾದದ್ದು ಏನು ಎಂದು ತಿಳಿಯಲು ಚರ್ಮದ ಕೆಳಗೆ ಇಣುಕಬೇಕು.

ಎದೆಯ ದೊಡ್ಡ ಸ್ನಾಯು ಪೆಕ್ಟೊರಾಲಿಸ್ ಮೇಜರ್. ಬಿಚ್ಚಿದ ಬೀಸಣಿಗೆಯ ಹಾಗೆ ಅದು ಕೊರಳೆಲುಬು, ಎದೆಮೂಳೆ ಮತ್ತು ಪಕ್ಕೆಲುಬುಗಳ ಉದ್ದಕ್ಕೂ ಹರಡಿಕೊಂಡು, ಕೊನೆಗೆ ಎಳೆಗಳನ್ನೆಲ್ಲ ಒಟ್ಟು ಮಾಡಿ ತೋಳಿನ ಮೂಳೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಮುಂದಕ್ಕೆ ತಳ್ಳುವುದು, ತೋಳನ್ನು ಮೈಗೆ ಅಡ್ಡ ತರುವುದು, ಅಪ್ಪಿಕೊಳ್ಳುವುದು ಇದರ ಕೆಲಸ. ಕೊರಳೆಲುಬಿನಿಂದ ಹೊರಟ ಮೇಲಿನ ಭಾಗ ಚಿಕ್ಕದು, ಎದೆಮೂಳೆಯಿಂದ ಹೊರಟ ಕೆಳಗಿನ ಭಾಗ ದೊಡ್ಡದು. ಬಾಡಿಬಿಲ್ಡರ್‌ನ ಅರ್ಧ ಪಾಡು ಈ ಅಸಮಾನತೆಯಿಂದಲೇ ಹುಟ್ಟುತ್ತದೆ.

ಜಿಮ್ ಸೇರಿದ ಮೊದಲ ಕೆಲವು ವಾರ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಬೆಂಚ್ ಪ್ರೆಸ್‌ನ (ಬೆಂಚಿನ ಮೇಲೆ ಅಂಗಾತ ಮಲಗಿ ಬಾರನ್ನು ಮೇಲಕ್ಕೆ ತಳ್ಳುವ ವ್ಯಾಯಾಮ) ತೂಕ ಮಾತ್ರ ಏರುತ್ತಾ ಹೋಗುತ್ತದೆ, ಏಕೆಂದರೆ ಮೊದಲು ಪಳಗುವುದು ನರಗಳು. ಇರುವ ಸ್ನಾಯುವಿನ ಎಳೆಗಳನ್ನೇ ಒಟ್ಟಿಗೆ ದುಡಿಸಲು ಅವು ಕಲಿಯುತ್ತವೆ. ಹುಡುಗರು ಸೆಲ್ಫಿ ತೆಗೆಯುವುದು ಇನ್ನೊಂದು ಗಳಿಗೆಯಲ್ಲಿ. ನಾಲ್ಕಾರು ಸೆಟ್ ಮುಗಿದು ರಕ್ತ, ದ್ರವ ತುಂಬಿ ಎದೆ ಉಬ್ಬಿರುತ್ತದಲ್ಲ, ಜಿಮ್‌ನವರು ‘ಪಂಪ್’ ಎನ್ನುವ ಸ್ಥಿತಿ, ಆಗ. ಮನೆ ಸೇರಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ಅದು ಇಳಿದಿರುತ್ತದೆ.

ನಿಜವಾದ ಬೆಳವಣಿಗೆ ತಿಂಗಳುಗಟ್ಟಲೆಯ ಮಾತು. ಎಳೆಗಳ ಸಂಖ್ಯೆ ಹೆಚ್ಚುವುದಕ್ಕಿಂತ ಒಂದೊಂದು ಎಳೆ ದಪ್ಪವಾಗುವುದೇ ಮುಖ್ಯ. ಬಹುತೇಕರಲ್ಲಿ ಮೊದಲು ಎದ್ದು ಕಾಣುವುದು ಎದೆಯ ಕೆಳಗಿನ, ಹೊರಗಿನ ಅಂಚು. ಚಪ್ಪಟೆ ಬೆಂಚು, ಎರಡು ಕಂಬಿಗಳ ನಡುವೆ ಮೈಯನ್ನು ಇಳಿಸಿ ಏರಿಸುವ ಡಿಪ್ಸ್, ಎರಡೂ ದೊಡ್ಡ ಭಾಗಕ್ಕೇ ಹೆಚ್ಚು ಕೆಲಸ ಕೊಡುತ್ತವೆ. ಟೀ ಶರ್ಟ್ ಬಿಗಿಯಾಗುತ್ತದೆ, ‘ಒಳ್ಳೇ ಬಾಡಿ ಮಾಡಿದಾನೆ’ ಎಂಬ ಮಾತೂ ಕಿವಿಗೆ ಬೀಳುತ್ತದೆ. ಅಂಗಿ ಬಿಚ್ಚಿ ಪಕ್ಕದಿಂದ ನಿಂತರೆ ಮಾತ್ರ ಕೊರಳೆಲುಬಿನ ಕೆಳಗೆ ಹಳ್ಳ, ಅದರ ಕೆಳಗೆ ಜೋತಂತೆ ಕಾಣುವ ಭಾರ. ಸೋಮವಾರ ಬಂತೆಂದರೆ ಬೆಂಚ್ ಪ್ರೆಸ್ಸಿನ ಮುಂದೆ ಸಾಲುಗಟ್ಟುವವರಲ್ಲಿ ಈ ಆಕಾರದವರೇ ಹೆಚ್ಚು.

ಹಳ್ಳ ತುಂಬಲು ಬೆಂಚಿನ ತಲೆಭಾಗವನ್ನು ಸುಮಾರು 30 ಡಿಗ್ರಿ ಎತ್ತಿ ತಳ್ಳಬೇಕು. ಇದೇ ಇನ್‌ಕ್ಲೈನ್ ಪ್ರೆಸ್. ತೀರಾ ಕಡಿದಾಗಿ ಎತ್ತಿದರೆ ಕೆಲಸವನ್ನು ಭುಜ ಕಸಿದುಕೊಳ್ಳುತ್ತದೆ. ಮೇಲಿನ ಭಾಗ ನಿಧಾನಿ, ವರ್ಷಗಳನ್ನೇ ಕೇಳುತ್ತದೆ. ಅದು ತುಂಬಿದ ಮೇಲೆ ಪಕ್ಕದ ನೋಟವೇ ಬೇರೆಯಾಗುತ್ತದೆ: ಕೊರಳೆಲುಬಿನಿಂದಲೇ ಎದೆ ಮುಂದಕ್ಕೆ ಏಳುತ್ತದೆ. ಆರ್ನಾಲ್ಡ್‌ರ ಗೆಳೆಯ, ಇಟಲಿಯ ಸಾರ್ಡಿನಿಯಾದಿಂದ ಬಂದ ಕುಳ್ಳ ಫ್ರಾಂಕೊ ಕೊಲುಂಬು ಅವರ ಎದೆಯಲ್ಲಿ ಮೇಲಿನ, ಕೆಳಗಿನ ಭಾಗಗಳ ನಡುವೆ ಸ್ಪಷ್ಟ ಸೀಳೇ ಕಾಣುತ್ತಿತ್ತು. 1976 ಮತ್ತು 1981ರಲ್ಲಿ ಮಿಸ್ಟರ್ ಒಲಿಂಪಿಯಾ ಆದ ಅವರನ್ನು ಅಭಿಮಾನಿಗಳು ನೆನೆಯುವುದೇ ಆ ಸೀಳಿನಿಂದ.

ಅಂಥ ಸೀಳು ಬೆವರಿನಿಂದಷ್ಟೇ ಬರುವುದಿಲ್ಲ. ಸ್ನಾಯು ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು ಎಂಬುದನ್ನು ಅಪ್ಪ ಅಮ್ಮನಿಂದ ಬಂದ ಮೈಕಟ್ಟು ಮೊದಲೇ ಗೆರೆ ಎಳೆದಿರುತ್ತದೆ. ಕೆಲವರಿಗೆ ಎರಡು ಎದೆಗಳ ನಡುವೆ ಬೆರಳಗಲದ ಬಯಲು. ಇನ್ನು ಕೆಲವರಿಗೆ ಅಂಟಿಕೊಂಡಂತೆ. ಕೆಳಗಿನ ಅಂಚು ಚೌಕವೋ ದುಂಡೋ ಎಂಬುದೂ ಹಾಗೆಯೇ. ಸ್ನಾಯು ದಪ್ಪವಾದಾಗ ನಡುವಿನ ಬಯಲು ತುಸು ಮರೆಯಾಗಬಹುದು, ಅಂಟಿದ ಜಾಗ ಕದಲುವುದಿಲ್ಲ. ‘ಇನ್ನರ್ ಚೆಸ್ಟ್’ಗೆಂದೇ ವಿಶೇಷ ವ್ಯಾಯಾಮ ಹೇಳಿಕೊಡುವ ಕೋಚ್ ಮಾರುತ್ತಿರುವುದು ಆಸೆಯನ್ನು. ಮಲಗಿ ತೂಕವನ್ನು ತಲೆಯ ಹಿಂದಿನಿಂದ ಎದೆಯ ಮೇಲಕ್ಕೆ ತರುವ ಪುಲ್‌ಓವರ್ ಮಾಡಿದರೆ ಎದೆಗೂಡೇ ಅಗಲವಾಗುತ್ತದೆಂಬ ನಂಬಿಕೆ ಆರ್ನಾಲ್ಡ್‌ರ ಕಾಲದಲ್ಲಿ ಗಟ್ಟಿಯಾಗಿತ್ತು, ಸ್ವತಃ ಅವರಿಗೂ ಇತ್ತು. ಬೆಳೆದು ನಿಂತ ಮೂಳೆ ಹಾಗೆ ಹಿಗ್ಗುತ್ತದೆ ಎನ್ನುವುದಕ್ಕೆ ಪುರಾವೆಯಿಲ್ಲ.

ಕೊನೆಯ ರೂಪಾಂತರ ನಡೆಯುವುದು ಅಡುಗೆಮನೆಯಲ್ಲಿ. ತಿಂಗಳುಗಟ್ಟಲೆ ಊಟ ಬಿಗಿ ಹಿಡಿದು ಕೊಬ್ಬು ಕರಗಿಸಿದಾಗ ಎದೆಯ ಮೇಲೆ ಎಳೆ ಎಳೆಯಾಗಿ ಗೆರೆಗಳು ಮೂಡುತ್ತವೆ. ಜಿಮ್ ಭಾಷೆಯಲ್ಲಿ ಇವೇ ‘ಕಟ್ಸ್’. ಆ ಹೊತ್ತಿಗೆ ತೂಕ ಇಳಿದಿರುತ್ತದೆ, ಶಕ್ತಿಯೂ ಕುಂದಿರುತ್ತದೆ. ಇದರ ಮೇಲೆ ಕಂದು ಬಣ್ಣ ಬಳಿದು, ವೇದಿಕೆಯ ದೀಪ ಮೇಲಿನಿಂದ ಬಿದ್ದು ನೆರಳು ಮೂಡಿದಾಗ ಕಾಣುವ ಎದೆ ಕೆಲವೇ ದಿನಗಳದು. ಪೋಸ್ಟರ್ ನೋಡಿ ವರ್ಷವಿಡೀ ಹಾಗಿರಲು ಹೊರಡುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಎದೆ ಹೇಗಿರಬೇಕು ಎಂಬ ಕಲ್ಪನೆಯೂ ಕಾಲಕ್ಕೆ ತಕ್ಕಂತೆ ಹೊರಳಿದೆ. ಆಧುನಿಕ ಬಾಡಿಬಿಲ್ಡಿಂಗ್‌ನ ಪಿತಾಮಹ ಎನಿಸಿದ ಯೂಜಿನ್ ಸ್ಯಾಂಡೊನನ್ನು 1894ರಲ್ಲಿ ಎಡಿಸನ್ ಸ್ಟುಡಿಯೊ ಚಿತ್ರೀಕರಿಸಿತು. 1901ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಅವನ ಮೈಯ ಅಚ್ಚನ್ನೇ ಪ್ಲಾಸ್ಟರ್‌ನಲ್ಲಿ ತೆಗೆಸಿತು. ತೋಳು, ಹೊಟ್ಟೆ ಇಂದಿಗೂ ಬೆರಗು ಹುಟ್ಟಿಸುತ್ತವೆ. ಎದೆ ಮಾತ್ರ ಇಂದಿನ ಜಿಮ್ ಹುಡುಗರ ಕಣ್ಣಿಗೆ ಸಪಾಟು. ಕಾರಣ ಸರಳ, ಇಂದಿನ ಬೆಂಚ್ ಪ್ರೆಸ್ ಆಗ ಇರಲಿಲ್ಲ. ಅದು ಮನೆಮಾತಾದದ್ದು 1950ರ ದಶಕದಲ್ಲಿ. ಕೆನಡಾದ ಡೌಗ್ ಹೆಪ್‌ಬರ್ನ್, ಅವನ ಬೆನ್ನಿಗೇ ಆರ್ನಾಲ್ಡ್‌ರ ಆರಾಧ್ಯ ದೈವ ರೆಗ್ ಪಾರ್ಕ್ 500 ಪೌಂಡ್, ಅಂದರೆ ಸುಮಾರು 227 ಕಿಲೊ ತಳ್ಳಿದ್ದು ಆಗಲೇ. ಸ್ಯಾಂಡೊ ಕಾಲದವರು ಎದೆಯನ್ನು ಅಳೆಯುತ್ತಿದ್ದುದು ಉಸಿರು ತುಂಬಿ, ಟೇಪು ಸುತ್ತಿ. ಟೇಪು ಬೆನ್ನನ್ನೂ ಸೇರಿಸಿಕೊಳ್ಳುತ್ತದೆ. ಹಳೆಯ ಜಾಹೀರಾತುಗಳ ಇಂಚಿನ ಲೆಕ್ಕದಲ್ಲಿ ಒಳ್ಳೆಯ ಪಾಲು ಬೆನ್ನಿನ ರೆಕ್ಕೆಗಳದು, ಶ್ವಾಸಕೋಶದ್ದು.

ಸ್ಯಾಂಡೊ ಕಾಲದ ಬಾಡಿಬಿಲ್ಡಿಂಗ್ ಅಲೆ ಬೆಂಗಳೂರಿಗೂ ಬಂತು. ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸುತ್ತಿದ್ದ ಪ್ರೊ. ಕೆ.ವಿ. ಅಯ್ಯರ್ 1930ರಲ್ಲಿ ‘ಮಸಲ್ ಕಲ್ಟ್’ ಪ್ರಕಟಿಸಿದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೂ ಅವರೇ. ಬಾರ್‌ಬೆಲ್ ಜೊತೆಗೆ ಸೂರ್ಯನಮಸ್ಕಾರ ಸೇರಿಸಿದ ಅವರು ಗ್ರೀಕ್ ಶಿಲ್ಪದ ಭಂಗಿಯಲ್ಲಿ ತೆಗೆಸಿಕೊಂಡ ಚಿತ್ರಗಳಲ್ಲಿ ಮೆರೆಯುವುದು ಗಾತ್ರವಲ್ಲ, ಅಂಗಾಂಗಗಳ ಹೊಂದಾಣಿಕೆ. ಗರಡಿಮನೆಯ ಲೆಕ್ಕಾಚಾರ ಬೇರೆಯದು. ನೂರಾರು ದಂಡ ಹೊಡೆದ ಪೈಲ್ವಾನನ ಎದೆ ದಪ್ಪವಾಗುತ್ತದೆ. ಗೆರೆ ಮೂಡಲೆಂದು ಅವನು ಕೊಬ್ಬು ಇಳಿಸುವುದಿಲ್ಲ, ಅಖಾಡದಲ್ಲಿ ಅವನಿಗೆ ತೂಕವೂ ಬೇಕು. ಇನ್ನೂ ಹಿಂದೆ ಸರಿದರೆ ಶ್ರವಣಬೆಳಗೊಳದ ಗೊಮ್ಮಟ. ಅಷ್ಟು ವಿಶಾಲ ಎದೆಯ ಮೇಲೆ ಶಿಲ್ಪಿ ಸ್ನಾಯುವಿನ ಒಂದು ಗಂಟನ್ನೂ ಕೆತ್ತಿಲ್ಲ.

ಬೆಳವಣಿಗೆಯ ಆತುರ ಎದೆಯ ಮೇಲೆಯೇ ಗುರುತು ಬಿಡುವುದೂ ಉಂಟು. ಸ್ಟಿರಾಯ್ಡ್ ಚುಚ್ಚಿಕೊಂಡಾಗ ಹೆಚ್ಚುವರಿ ಹಾರ್ಮೋನಿನ ಒಂದಂಶ ದೇಹದಲ್ಲಿ ಈಸ್ಟ್ರೊಜೆನ್ ಆಗಿ ಬದಲಾಗುತ್ತದೆ; ಗಂಡಸರಲ್ಲೂ ಮೊಲೆತೊಟ್ಟಿನ ಹಿಂದೆ ಗ್ರಂಥಿ ಬೆಳೆಯಬಹುದು. ಒಮ್ಮೆ ಗಟ್ಟಿಯಾದರೆ ಅದು ವ್ಯಾಯಾಮಕ್ಕೆ ಕರಗುವುದಿಲ್ಲ, ಶಸ್ತ್ರಚಿಕಿತ್ಸೆಯೇ ಗತಿ. ಇನ್ನೊಂದು ಅಪಾಯ ಬೆಂಚ್ ಪ್ರೆಸ್ಸಿನಲ್ಲಿ, ಅದೂ ಬಾರ್ ಇಳಿಸುವ ಗಳಿಗೆಯಲ್ಲಿ, ಎದೆಯ ಸ್ನಾಯುರಜ್ಜು ತೋಳಿನಿಂದ ಕಿತ್ತುಬರುವುದು. ಆಗ ಕಂಕುಳಿನ ಮುಂದಿನ ಮಡಿಕೆಯೇ ಮಾಯವಾಗುತ್ತದೆ.

ಜಿಮ್ ಬಿಟ್ಟರೆ ಮಾಂಸವೆಲ್ಲ ಕೊಬ್ಬಾಗಿ ಎದೆ ಜೋತುಬೀಳುತ್ತದೆಂದು ಹಿರಿಯರು ಹೆದರಿಸುವುದು ಅರ್ಧ ಸತ್ಯ. ಸ್ನಾಯು ಕೊಬ್ಬಾಗದು, ಅವೆರಡೂ ಬೇರೆ ಬೇರೆ ವಸ್ತು. ಕೆಲಸವಿಲ್ಲದ ಸ್ನಾಯು ಸೊರಗುತ್ತದೆ, ಊಟ ಹಳೆಯ ಲೆಕ್ಕದಲ್ಲೇ ನಡೆದರೆ ಪಕ್ಕದಲ್ಲೇ ಕೊಬ್ಬು ಸೇರುತ್ತದೆ. ಮತ್ತೆ ಶುರು ಮಾಡಿದವನಿಗೆ ಕಳೆದದ್ದು ಮೊದಲಿಗಿಂತ ಬೇಗ ಮರಳುತ್ತದೆ. ಬಿಡದವರೂ ಇದ್ದಾರೆ. ನಾಲ್ಕು ಅಡಿ ಹನ್ನೊಂದು ಇಂಚಿನ ಬಾಡಿಬಿಲ್ಡರ್ ಮನೋಹರ್ ಐಚ್ ಬ್ರಿಟಿಷರ ಕಾಲದಲ್ಲಿ ಜೈಲಿನೊಳಗೇ ಮೈ ಹುರಿಗೊಳಿಸಿಕೊಂಡು, 1952ರಲ್ಲಿ ಲಂಡನ್ನಿನಲ್ಲಿ ತಮ್ಮ ವಿಭಾಗದ ಮಿಸ್ಟರ್ ಯೂನಿವರ್ಸ್ ಆದವರು. 2012ರಲ್ಲಿ ನೂರು ತುಂಬಿದಾಗಲೂ ಅಂಗಿ ಬಿಚ್ಚಿ ಕ್ಯಾಮೆರಾಗಳಿಗೆ ಪೋಸ್ ಕೊಟ್ಟರು, ಕೋಲ್ಕತ್ತದಲ್ಲಿ 104ನೇ ವಯಸ್ಸಿನಲ್ಲಿ ತೀರಿಕೊಂಡರು.