ಹಳೆಯ ಪಿಕಪ್ಪಿನ ಹಿಂದಿನ ಡಿಫರೆನ್ಷಿಯಲ್ ಬದಲಿಸುವ ಮುನ್ನ

ಕಾಕತಿ ಸುತ್ತಿನ ಹೊಲಗಳ ತರಕಾರಿ ಬೆಳಗಾವಿ ಪೇಟೆಗಷ್ಟೇ ಅಲ್ಲ, ಗೋವೆಗೂ ಹೋಗುತ್ತದೆ. ಬೆಳಗಾವಿ ದಾಟಿ, ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿಗಳ ಮೇಲೆ ಹಾಯ್ದು ಚೋರ್ಲಾ ಘಾಟ್ ಇಳಿಯುವ ದಾರಿ ಅದು. ಈ ದಾರಿಯಲ್ಲಿ ಮಾಲು ಹೊರುವ ಪಿಕಪ್ಪುಗಳಲ್ಲಿ ಹತ್ತು ಹದಿನೈದು ವರ್ಷ ದುಡಿದವು ಎಷ್ಟೋ ಇವೆ. ಇವುಗಳ ಇಂಜಿನ್ನಿಗೆ ಕಾಲಕಾಲಕ್ಕೆ ಎಣ್ಣೆ ಬೀಳುತ್ತದೆ, ಟಾಯರು ಬದಲಾಗುತ್ತವೆ. ಹಿಂದಿನ ಅಚ್ಚಿನ ನಡುವೆ ದುಂಡಗೆ ಕಾಣುವ ಡಿಫರೆನ್ಷಿಯಲ್ಲನ್ನು ಮಾತ್ರ ಅದು ಸದ್ದು ಮಾಡುವವರೆಗೆ ಯಾರೂ ಕೇಳುವುದಿಲ್ಲ.

ಕೆಟ್ಟರೆ ಏನಾಗುತ್ತದೆ? ಏರಿನಲ್ಲಿ ಮುರಿದರೆ ಒಂದು ಗಾಡಿ ಕೋಸು ಬಿಸಿಲಿಗೆ ಬಾಡುತ್ತದೆ. ಇಳಿಜಾರಿನಲ್ಲಿ ಮುರಿದರೆ ಜೀವಕ್ಕೇ ಸಂಚಕಾರ. ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದ ಮೇಲೆ ಕೆಳಗಿನ ಗೇರು ಹಾಕಿ ಗಾಡಿಯನ್ನು ತಡೆಯಲು ಬರುವುದಿಲ್ಲ. ಗೇರಿನಲ್ಲಿ ಬಿಟ್ಟರೂ ಗಾಡಿ ನಿಲ್ಲುವುದಿಲ್ಲ. ಕೈಬ್ರೇಕನ್ನು ಗೇರ್‌ಬಾಕ್ಸಿನ ಹಿಂದೆ ಕೂರಿಸಿದ ಹಳೆಯ ಜೀಪುಗಳಲ್ಲಿ ಅದೂ ಕೈಕೊಡುತ್ತದೆ. ಆದ್ದರಿಂದ ಗಾಡಿ ಇದ್ದಕ್ಕಿದ್ದಂತೆ ನಿಂತರೆ ಮೊದಲು ಚಕ್ರಗಳಿಗೆ ಕಲ್ಲು ಕೊಡಿರಿ, ಆಮೇಲೆ ಬಗ್ಗಿ ನೋಡಿರಿ.

ಚಕ್ಕಡಿಗೆ ಈ ತೊಡಕಿಲ್ಲ. ಅದರ ಎರಡು ಗಾಲಿಗಳು ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನದು ಹೆಚ್ಚು ಸುತ್ತು ಹಾಕಿದರೆ ಒಳಗಿನದು ಕಡಿಮೆ. ಮೋಟಾರು ಗಾಡಿಯಲ್ಲಿ ಹಿಂದಿನ ಎರಡೂ ಚಕ್ರಗಳಿಗೆ ಇಂಜಿನ್ನಿನ ಬಲ ಮುಟ್ಟಬೇಕು, ಆದರೂ ಅವು ಬೇರೆ ಬೇರೆ ವೇಗದಲ್ಲಿ ತಿರುಗಬೇಕು. ಇದಕ್ಕಾಗಿ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿ ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ; ಕ್ರೌನಿಗೆ ಜೋಡಿಸಿದ ಗೂಡಿನೊಳಗಿನ ಸಣ್ಣ ಗೇರುಗಳು ಬಲವನ್ನು ಎರಡೂ ಕಡೆಯ ಎಕ್ಸಲ್ ಶಾಫ್ಟುಗಳಿಗೆ ಹಂಚುತ್ತವೆ.

ಕೆಡುವುದು ಏಕೆ

ಹೇರು ಹೆಚ್ಚಾದದ್ದು ಒಂದು ಕಾರಣ; ಇದು ಎಲ್ಲರಿಗೂ ಗೊತ್ತು. ಅಷ್ಟು ಗೊತ್ತಿಲ್ಲದ್ದು ನೀರಿನ ಕಥೆ. ಹೌಸಿಂಗಿನ ಮೇಲೆ ಗಾಳಿ ಆಡಲು ಬ್ರೀದರ್ ಎಂಬ ಸಣ್ಣ ಕಿಂಡಿ ಇರುತ್ತದೆ. ಅದು ಕೆಸರಿನಿಂದ ಮುಚ್ಚಿದರೆ ಒಳಗಿನ ಗಾಳಿ ಕಾದು ಹಿಗ್ಗಿ ಎಣ್ಣೆಯನ್ನು ಸೀಲುಗಳ ಮೂಲಕ ಹೊರಗೆ ತಳ್ಳುತ್ತದೆ. ಅದೇ ಬಿಸಿ ಹೌಸಿಂಗು ಹಳ್ಳದ ನೀರಿಗಿಳಿದರೆ ಒಳಗಾಳಿ ಕುಗ್ಗಿ, ಸವೆದ ಸೀಲುಗಳಿಂದ ನೀರು ಒಳಗೆ ಸೇರುತ್ತದೆ. ಮಾರ್ಕಂಡೇಯ ಹೊಳೆಗಿಳಿಸಿ ಗಾಡಿ ತೊಳೆಯುವವರೂ, ಖಾನಾಪುರದ ಕಡೆ ಮಳೆಗಾಲದ ಹಳ್ಳ ದಾಟುವವರೂ ಇದನ್ನು ಗಮನಿಸಬೇಕು. ನೀರು ಕೂಡಿದ ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ, ಬೇರಿಂಗುಗಳು ತುಕ್ಕು ಹಿಡಿಯುತ್ತವೆ.

ಇನ್ನೊಂದು ನಮ್ಮ ಭತ್ತದ ಗದ್ದೆಯ ಅಂಚಿನ ತಪ್ಪು. ಒಂದು ಚಕ್ರ ಕೆಸರಿನಲ್ಲಿ ಗಿರ್ರನೆ ತಿರುಗುತ್ತಿರುವಾಗ ಚಾಲಕ ಹಟದಿಂದ ಎಕ್ಸಲರೇಟರ್ ತುಳಿಯುತ್ತಾನೆ. ಆಗ ಗೂಡಿನೊಳಗಿನ ಸಣ್ಣ ಗೇರುಗಳು ಮಿತಿಮೀರಿ ಓಡಿ ಎಣ್ಣೆ ಸಾಲದೆ ಕಾಯುತ್ತವೆ. ಚಕ್ರಕ್ಕೆ ಗಟ್ಟಿ ನೆಲ ಒಮ್ಮೆಲೇ ಸಿಕ್ಕಿದಾಗ ಬೀಳುವ ಪೆಟ್ಟಿಗೆ ಹಲ್ಲೋ ಶಾಫ್ಟೋ ಮುರಿಯುತ್ತದೆ. ಚಕ್ರದ ಕೆಳಗೆ ಕಲ್ಲು, ಹಲಗೆ, ಒಣ ಕಬ್ಬಿನ ರವದಿ ಹಾಕಿ ನಿಧಾನವಾಗಿ ತೆಗೆಯುವುದೇ ಸರಿ.

ಕೆಟ್ಟದ್ದು ಯಾವುದು?

ಬಿಚ್ಚುವ ಮೊದಲು ಸದ್ದು ಕೇಳಿರಿ. ವೇಗ ಕೊಟ್ಟಾಗ ಒಂದು ಬಗೆಯ, ಬಿಟ್ಟಾಗ ಇನ್ನೊಂದು ಬಗೆಯ ಗುಂಯ್‌ಗುಡುವಿಕೆ ಇದ್ದರೆ ಕ್ರೌನ್-ಪಿನಿಯನ್ ಅಥವಾ ಅದರ ಬೇರಿಂಗಿನ ಮೇಲೆ ಸಂಶಯ ಪಡಬೇಕು. ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಗೂಡಿನೊಳಗಿನ ಸಣ್ಣ ಗೇರುಗಳನ್ನು ನೋಡಬೇಕು. ಗೇರು ಹಾಕಿದೊಡನೆ ಟಕ್ ಎಂದರೆ ಮೊದಲು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನೋಡಿರಿ. ಕ್ರಾಸ್ ಸವೆದದ್ದನ್ನೇ ಡಿಫರೆನ್ಷಿಯಲ್ ಎಂದು ತಿಳಿದು ದೊಡ್ಡ ಖರ್ಚಿಗೆ ಬಿದ್ದವರು ಕಡಿಮೆಯೇನಿಲ್ಲ. ಇಂಜಿನ್ ಓಡುತ್ತಿದ್ದು, ಪ್ರೊಪೆಲ್ಲರ್ ಶಾಫ್ಟ್ ತಿರುಗಿಯೂ ಗಾಡಿ ಕದಲದಿದ್ದರೆ ಬರೀ ಎಕ್ಸಲ್ ಶಾಫ್ಟ್ ತುಂಡಾಗಿರಬಹುದು. ಒಂದು ಕಡೆಯದು ಮುರಿದರೂ ಬಲವೆಲ್ಲ ಆ ಕಡೆಗೇ ಹರಿದುಹೋಗಿ ಗಾಡಿ ನಿಲ್ಲುತ್ತದೆ. (ಇದನ್ನು ಪಕ್ಕದಲ್ಲಿ ದೂರ ನಿಂತು ನೋಡಬೇಕು, ಗಾಡಿಯ ಕೆಳಗೆ ತೂರಿ ಅಲ್ಲ.)

ಎಣ್ಣೆ ಇಳಿಸಿ ಬೆರಳಿಗೆ ತೆಗೆದುಕೊಳ್ಳಿರಿ. ಡ್ರೇನ್ ಬಿರಡೆಯ ಅಯಸ್ಕಾಂತಕ್ಕೆ ನುಣ್ಣನೆಯ ಕಪ್ಪು ಹಿಟ್ಟು ಅಂಟಿದ್ದರೆ ಅದು ಸಹಜ ಸವೆತ. ಚೂರು, ಚಕ್ಕೆ ಬಂದರೆ ಗೇರು ಉಳಿದಿಲ್ಲ.

ಹೊಸದೋ, ಹಳೆಯದೋ?

ಹೊಸ ಕ್ರೌನ್-ಪಿನಿಯನ್ ತರುವುದಾದರೆ ಜೋಡಿಯಾಗಿಯೇ ತರಬೇಕು. ಕಾರ್ಖಾನೆಯಲ್ಲಿ ಎರಡನ್ನೂ ಒಂದಕ್ಕೊಂದು ಉಜ್ಜಿ ಕೂಡಿಸಿ ಜೋಡಿ ಸಂಖ್ಯೆ ಕೆತ್ತಿರುತ್ತಾರೆ. ಒಂದು ಹಳೆಯದು, ಒಂದು ಹೊಸದು ಹಾಕಿಸಿದರೆ ಉಳಿಸಿದ ದುಡ್ಡು ಬೇಗನೆ ಕೈಬಿಡುತ್ತದೆ. ಬೇರಿಂಗು, ಸೀಲುಗಳೂ ಆಗಲೇ ಹೊಸದಾಗಲಿ.

ಗುಜರಿಯಿಂದ ಪೂರ್ತಿ ಯೂನಿಟ್ ತರುವುದೂ ಉಂಟು. ಇದರಲ್ಲಿ ತಪ್ಪಿಲ್ಲ, ಆದರೆ ಅನುಪಾತ ಒಂದೇ ಇರಬೇಕು. ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 41 ಹಲ್ಲು ಇದ್ದರೆ ಅನುಪಾತ 5.125, 10 ಮತ್ತು 41 ಇದ್ದರೆ 4.1. ಹೊರಗಿನಿಂದ ಎರಡೂ ಒಂದೇ ರೀತಿ ಕಾಣಬಹುದು. ಏರಿಗೆ ಹೇರು ಎಳೆಯುವ ಗಾಡಿಗೆ ಎರಡನೆಯದನ್ನು ಹಾಕಿದರೆ ಇಂಜಿನ್ ಏದುಸಿರು ಬಿಡುತ್ತದೆ. ನಿಮ್ಮ ಗಾಡಿಯ ಅನುಪಾತವನ್ನು ಬಿಚ್ಚದೆಯೇ ತಿಳಿಯಬಹುದು, ಒಳಗಿನ ಗೇರು ಮುರಿಯದೆ ತಿರುಗುತ್ತಿದ್ದರೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಇಂಜಿನ್ ನಿಲ್ಲಿಸಿ, ಗೇರು ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಒಂದು ಚಕ್ರ ಮಾತ್ರ ಎತ್ತಿ ಸ್ಟ್ಯಾಂಡ್ ಕೊಡಿರಿ, ಕೈಬ್ರೇಕ್ ಬಿಟ್ಟಿರಲಿ. ಎತ್ತಿದ ಚಕ್ರವನ್ನು ಸರಿಯಾಗಿ 2 ಸುತ್ತು ತಿರುಗಿಸಿದರೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತುತ್ತದೋ ಅದೇ ಅನುಪಾತ. ಶಾಫ್ಟಿಗೆ ಸುಣ್ಣದ ಗೆರೆ ಎಳೆದರೆ ಎಣಿಕೆ ತಪ್ಪುವುದಿಲ್ಲ. ಇದರೊಂದಿಗೆ ಎಕ್ಸಲ್ ಶಾಫ್ಟಿನ ಸ್ಪ್ಲೈನ್‌ಗಳ ಸಂಖ್ಯೆಯನ್ನೂ ಹೋಲಿಸಿ ನೋಡಿಯೇ ಹಣ ಕೊಡಿರಿ.

ಬಿಚ್ಚಿ ಕೂರಿಸುವಾಗ

ಜ್ಯಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಹೋಗಬಾರದು. ಪ್ರೊಪೆಲ್ಲರ್ ಶಾಫ್ಟಿನ ಫ್ಲ್ಯಾಂಜಿಗೆ ಗುರುತು ಹಾಕಿ ಬಿಚ್ಚಬೇಕು, ಇಲ್ಲವಾದರೆ ಮರಳಿ ಕೂರಿಸಿದಾಗ ನಡುಗು ಬರಬಹುದು. ಎಕ್ಸಲ್ ಶಾಫ್ಟುಗಳನ್ನು ಎಳೆದುಕೊಂಡ ಮೇಲೆ ಯೂನಿಟ್ ಹೊರಬರುತ್ತದೆ. ಅದು ಒಬ್ಬನ ಕೈಗೆ ನಿಲ್ಲುವ ತೂಕವಲ್ಲ.

ಅವಸರ ಮಾಡಬಾರದ ಜಾಗ ಮುಂದಿನದು. ಒಡೆದ ಹಲ್ಲಿನ ಚೂರುಗಳು ಹೌಸಿಂಗಿನ ತಳದಲ್ಲಿ ಮಾತ್ರವಲ್ಲ, ಎರಡೂ ಕಡೆಯ ಕೊಳವೆಗಳಲ್ಲಿಯೂ ಅಡಗಿರುತ್ತವೆ. ಡೀಸೆಲ್ಲಿನಿಂದ ತೊಳೆದು, ಕೋಲಿಗೆ ಅರಿವೆ ಸುತ್ತಿ ಕೊಳವೆಗಳನ್ನು ಒರೆಸಿ, ಪೂರ್ತಿ ಒಣಗಿಸಬೇಕು. ಒಂದೇ ಒಂದು ಚೂರು ಉಳಿದರೂ ಹೊಸ ಹಲ್ಲಿನ ನಡುವೆ ಸಿಕ್ಕಿ ಅದನ್ನೂ ಒಡೆಯುತ್ತದೆ. ಬ್ರೀದರನ್ನೂ ಆಗಲೇ ಬಿಡಿಸಿ ಊದಿ ನೋಡಿರಿ. ನೀರು ಹೊಕ್ಕ ದಾರಿ ಮುಚ್ಚದೆ ಗೇರು ಬದಲಿಸುವುದೆಂದರೆ ತೂತಿನ ಕೊಡಕ್ಕೆ ನೀರು ಹೊತ್ತಂತೆ.

ಹಲ್ಲುಗಳ ನಡುವಿನ ಸಡಿಲು ಸಾಮಾನ್ಯವಾಗಿ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು ಮಾತ್ರ. ನಿಮ್ಮ ಗಾಡಿಗೆ ಎಷ್ಟೆಂಬುದು ಅದರ ಕೈಪಿಡಿಯಲ್ಲಿದೆ. ಇದನ್ನು ಕೈಯಿಂದ ಅಲುಗಿಸಿ ಅಂದಾಜು ಮಾಡಲಾಗದು, ಡಯಲ್ ಗೇಜ್ ಬೇಕು. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಹಲ್ಲು ಹಲ್ಲಿಗೆ ಎಲ್ಲಿ ತಾಗುತ್ತದೆಂದೂ ನೋಡಬೇಕು. ಬೆಳಗಾವಿಯ ಉದ್ಯಮಬಾಗದಂಥ ಕಡೆ ಯಂತ್ರಗೆಲಸ ಬಲ್ಲವರಿಗೆ ಬರವಿಲ್ಲ. ಬಿಚ್ಚುವುದು, ತೊಳೆಯುವುದು ನಿಮ್ಮ ಅಂಗಳದಲ್ಲಾದರೂ ಈ ಹೊಂದಾಣಿಕೆಯನ್ನು ಗೇಜ್ ಇರುವ ಕಡೆಯೇ ಮಾಡಿಸಿರಿ. ಗೇಜ್ ಇದೆಯೇ ಎಂದು ಕೇಳಲು ಸಂಕೋಚ ಬೇಡ. ತೆಗೆದ ಹಳೆಯ ಭಾಗಗಳನ್ನೂ ಕೇಳಿ ಪಡೆಯಿರಿ.

ಎಣ್ಣೆ ಕೈಪಿಡಿ ಹೇಳಿದ್ದೇ ಆಗಿರಲಿ. ಹೈಪಾಯ್ಡ್ ಗೇರುಗಳಿಗೆ ಹೆಚ್ಚಾಗಿ ಜಿ.ಎಲ್.-5 ದರ್ಜೆಯದು ಬೇಕಾಗುತ್ತದೆ. ಗಾಡಿ ಸಮ ನೆಲದ ಮೇಲೆ ನಿಂತಿರುವಾಗ ತುಂಬುವ ತೂತಿನ ಅಂಚಿಗೆ ಬರುವಷ್ಟು ಹಾಕಿರಿ. ಮೊದಲ 500 ಕಿಲೋಮೀಟರು ಅರ್ಧ ಹೇರಿನಲ್ಲೇ ಓಡಿಸಿ, ಆಮೇಲೆ ಆ ಎಣ್ಣೆ ಇಳಿಸಿ ಹೊಸದು ತುಂಬಿರಿ. ಅಷ್ಟರವರೆಗೆ ಕೋಸಿನ ಹೇರು ಬೆಳಗಾವಿಯವರೆಗೆ ಹೋದರೆ ಸಾಕು, ಚೋರ್ಲಾ ಬೇಡ.