ಉಸಿರಿನ ದಾರಿಯಲ್ಲೇ ಹೋಗುವ ಮದ್ದು

ತೆಲುಗಿನವರು 'ಆಯಾಸಂ' ಅಂದರೆ ಏದುಸಿರು. ಕನ್ನಡದಲ್ಲಿ ಆಯಾಸ ಅಂದರೆ ಬರೀ ದಣಿವು. ನಮ್ಮ ಮಡಕಶಿರಾ ಸೀಮೆಯ ಮನೆಮಾತು ಕನ್ನಡವೇ ಆದರೂ ಈ ಒಂದು ಮಾತನ್ನು ನಮ್ಮ ಮನೆಯಲ್ಲಿ ತೆಲುಗಿನ ಅರ್ಥದಲ್ಲೇ ಆಡುತ್ತೇವೆ. ನನ್ನ ತಂಗಿ ಗಡಿಯಾಚೆಯ ಒಂದು ಊರಿನ ಡಾಕ್ಟರ ಮುಂದೆ 'ಆಯಾಸ ಆಗ್ತದೆ ಸಾರ್' ಅಂದಳು. ಅವರು ಟಾನಿಕ್ ಬರೆದುಕೊಟ್ಟರು. ಒಂದು ವರ್ಷ ಟಾನಿಕ್ಕೇ ಕುಡಿದಳು. ಕಾಲು ಬಾತುಕೊಂಡ ಮೇಲೆ ಬೆಂಗಳೂರಿಗೆ ಕರಕೊಂಡು ಹೋದಾಗ ಗೊತ್ತಾಯಿತು, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದೆ ಅಂತ. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿಪಿಯಲ್ಲಿ ಇದು ಕಾಣೋದಿಲ್ಲ.

ಮೈಗೆಲ್ಲ ರಕ್ತ ತಳ್ಳುವ ಒತ್ತಡ 120/80 ಇದ್ದರೆ, ಶ್ವಾಸಕೋಶದ ಕಡೆ ಸರಾಸರಿ 20ರ ಒಳಗೇ ಇರಬೇಕು. ಅದಕ್ಕೇ ಹೃದಯದ ಬಲಗಡೆ ಗೋಡೆ ತೆಳು. ತಂಗಿಗೆ ಚಿಕ್ಕಂದಿನಲ್ಲಿ ಬಂದ ಕೀಲುವಾತದ ಜ್ವರದಿಂದ ಎಡಗಡೆಯ ಕವಾಟ ಕಿರಿದಾಗಿತ್ತು. ತೂಬು ಕಟ್ಟಿಕೊಂಡರೆ ಕೆರೆಯ ಹಿನ್ನೀರು ಮೇಲಿನ ಹೊಲಕ್ಕೆ ಏರುವುದಿಲ್ಲವೇ, ಹಾಗೆ ರಕ್ತ ಹಿಂದಕ್ಕೆ ಶ್ವಾಸಕೋಶಕ್ಕೆ ಒತ್ತಿತು. ವರ್ಷಗಟ್ಟಲೆ ಆ ಒತ್ತಡ ತಿಂದ ನಾಳಗಳು ಬಿಗಿದುಕೊಳ್ಳುತ್ತವೆ, ಗೋಡೆ ದಪ್ಪವಾಗುತ್ತದೆ. ಆಮೇಲೆ ತೂಬು ಬಿಡಿಸಿದರೂ ಅವು ಪೂರಾ ಸಡಿಲವಾಗುತ್ತವೆ ಅನ್ನುವ ಭರವಸೆಯಿಲ್ಲ.

ಈ ಬಿಗಿತಕ್ಕೇ ಕೈಹಾಕಿದವರು ನ್ಯೂಯಾರ್ಕಿನ ಮೌಂಟ್ ಸೈನಾಯ್ ಸಂಸ್ಥೆಯಲ್ಲಿದ್ದ ರೋಜರ್ ಹಜ್ಜರ್ ಮತ್ತು ಸಂಗಡಿಗರು. ನಾಳದ ಗೋಡೆಯ ಸ್ನಾಯುಕೋಶದಲ್ಲಿ ಕ್ಯಾಲ್ಸಿಯಂ ಏರಿದರೆ ನಾಳ ಬಿಗಿಯುತ್ತದೆ, ಇಳಿದರೆ ಸಡಿಲುತ್ತದೆ. ಕ್ಯಾಲ್ಸಿಯಂ ಅನ್ನು ಎಳೆದು ಕೋಶದೊಳಗಿನ ಕಣಜಕ್ಕೆ ತುಂಬುವ ಒಂದು ಪಂಪಿದೆ; ಅದರ ಹೆಸರು ಸರ್ಕಾ-2ಎ. (ಸರ್ಕಾರಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಹಗಲೂ ರಾತ್ರಿ ಕೆಲಸ ಮಾಡ್ತದೆ.) ಕಾಯಿಲೆ ಬಿದ್ದ ನಾಳಗಳಲ್ಲಿ ಈ ಪಂಪು ಕಡಿಮೆಯಾಗಿರುತ್ತದೆ. ಪಂಪು ಕಟ್ಟುವ ಜೀನನ್ನೇ, ರೋಗ ತರದ ಎಎವಿ ಎಂಬ ವೈರಸ್ಸಿನ ಚಿಪ್ಪಿನೊಳಗಿಟ್ಟು, ತುಂತುರು ಮಾಡಿ ಶ್ವಾಸನಾಳದಲ್ಲಿ ಬಿಟ್ಟರು. 2013ರಲ್ಲಿ ಇಲಿಗಳ ಫಲಿತಾಂಶ ಬಂತು, 2016ರಲ್ಲಿ ಹಂದಿಗಳದು.

ಹಂದಿಗಳ ಪ್ರಯೋಗ ನನಗೆ ಮುಖ್ಯವಾಗಿ ಕಂಡಿತು. ಶ್ವಾಸಕೋಶದಿಂದ ಹೊರಡುವ ಅಭಿಧಮನಿಗಳಿಗೆ ಅರೆಬರೆ ಪಟ್ಟಿ ಬಿಗಿದು ಅವಕ್ಕೆ ಕಾಯಿಲೆ ತರಿಸಿದ್ದರು. ಅಂದರೆ ನನ್ನ ತಂಗಿಯದೇ ಹಿನ್ನೀರಿನ ಬಗೆ. 10 ಹಂದಿಗಳಿಗೆ ಜೀನಿನ ತುಂತುರು, 10ಕ್ಕೆ ಬರೀ ಉಪ್ಪುನೀರು. ಎರಡು ತಿಂಗಳ ಮೇಲೆ ನೋಡಿದರೆ ಜೀನು ಪಡೆದವುಗಳಲ್ಲಿ ಒತ್ತಡ ಇಳಿದಿತ್ತು, ಬಲಹೃದಯ ಚೇತರಿಸಿತ್ತು, ನಾಳದ ಗೋಡೆಯ ದಪ್ಪವೂ ತಗ್ಗಿತ್ತು. ನಾಳ ಸಡಿಲಿಸುವ ಗುಳಿಗೆ ನುಂಗಿದರೆ ಅದು ಮೈಯೆಲ್ಲ ಹರಿದು ಮೈಯ ಬಿಪಿಯನ್ನೂ ಇಳಿಸಬಹುದು. ತುಂತುರು ಬೇಕಾದ ಹೊಲಕ್ಕೇ ನೇರ ಹೋಗುತ್ತದೆ. ಡ್ರಿಪ್ ಹಾಕಿದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಕುಣಿದಾಡುವ ಹಾಗಿಲ್ಲ. ಇದೇ ಜೀನನ್ನು ಹೃದಯದ ರಕ್ತನಾಳಕ್ಕೆ ಬಿಟ್ಟು, ಹೃದಯ ಸೋತ 250 ರೋಗಿಗಳ ಮೇಲೆ ಪರೀಕ್ಷಿಸಿದ್ದರು. 'ಕ್ಯುಪಿಡ್-2' ಎಂಬ ಆ ಪರೀಕ್ಷೆಯಲ್ಲಿ ಲಾಭ ಕಾಣಲಿಲ್ಲವೆಂದು 2015ರಲ್ಲಿ ತಿಳಿಯಿತು. ಅದಕ್ಕೂ ಮುಂಚಿನ ಚಿಕ್ಕ ಪರೀಕ್ಷೆ ಆಸೆ ಹುಟ್ಟಿಸಿತ್ತು. ಅಲ್ಲದೆ ಎಎವಿ ವೈರಸ್ಸಿಗೆ ಎದುರಾದ ಪ್ರತಿಕಾಯಗಳು ಬಹಳ ಮಂದಿಯ ರಕ್ತದಲ್ಲಿ ಮೊದಲೇ ಇರುತ್ತವೆ. ಮದ್ದು ಕೋಶಕ್ಕೆ ಮುಟ್ಟುವ ಮೊದಲೇ ತಡೆಯುತ್ತವೆ. ಈ ತುಂತುರು ಇನ್ನೂ ಔಷಧಿ ಅಂಗಡಿಗೆ ಬಂದಿಲ್ಲ. ದುಡ್ಡು ಕೊಟ್ಟರೆ ಜೀನ್ ಚಿಕಿತ್ಸೆ ಮಾಡ್ತೀವಿ ಅಂತ ಯಾರಾದರೂ ಹೇಳಿದರೆ, ಹೊಲ ಅಡವಿಡುವ ಮುಂಚೆ ಇದು ನೆನಪಿರಲಿ.

ತಂಗಿಗೆ ಬಲೂನು ತೂರಿಸಿ ಕವಾಟ ಬಿಡಿಸಿದರು. ಒತ್ತಡ ಇಳಿದಿದೆ, ಪೂರಾ ಇಳಿದಿಲ್ಲ. ಮೆಟ್ಟಿಲು ಹತ್ತಿದರೆ ನಡುವೆ ಒಮ್ಮೆ ನಿಲ್ಲುತ್ತಾಳೆ. ಕೀಲುವಾತದ ಜ್ವರ ಮರುಕಳಿಸದಿರಲೆಂದು 21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ ನಡೆದಿದೆ. ಗಂಟಲು ನೋವು ಬಂದು, ಎರಡು ಮೂರು ವಾರಕ್ಕೆ ಮಂಡಿ, ಮೊಣಕೈ ಊದಿದ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಆ ವಯಸ್ಸಿನಲ್ಲೇ ಶುರು ಮಾಡಬೇಕಾದ ಸೂಜಿ ಅದು, ಬೆಲೆಯೂ ದೊಡ್ಡದಲ್ಲ.